ಸೊಲ್ಲಾಪುರದ ಸ್ಲ್ಯಾಬಿಗೆ ನೀರು ಹೊಡೆಯುವವರಾರು?

ಏಪ್ರಿಲ್, ಮೇ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಮನೆ ಕಟ್ಟುವವರ ಅವಸರ ಹೆಚ್ಚುತ್ತದೆ. ಮಿರಗದ ಮಳೆ ಹಿಡಿಯುವುದರೊಳಗೆ ಸ್ಲ್ಯಾಬ್ ಬೀಳಬೇಕು. ಬಿಸಿಲು 42, 43 ಡಿಗ್ರಿ ಮುಟ್ಟುವ ಕಾಲವೂ ಅದೇ. ಬೆಳಗ್ಗೆ ಹಾಕಿದ ಕಾಂಕ್ರೀಟಿನ ಮೈ ಮಧ್ಯಾಹ್ನಕ್ಕೆ ಬಿಳುಪೇರುತ್ತದೆ. ಮರುದಿನದಿಂದ ಅದರ ಮೇಲೆ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಬೇಕು, ತೊಲೆ ಕಂಬಗಳಿಗೆ ಗೋಣಿತಟ್ಟು ಸುತ್ತಿ ದಿನಕ್ಕೆ ಮೂರು ನಾಲ್ಕು ಸಲ ನೀರು ಹೊಡೆಯಬೇಕು. ಆ ನೀರು ಎಲ್ಲಿಂದ ಬರಬೇಕು? ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಉಜನಿ ಜಲಾಶಯದಿಂದ ನೀರು ತರಿಸಿಕೊಂಡು, ವರ್ಷಗಟ್ಟಲೆ ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ಬಿಟ್ಟ ನಗರ ಸೊಲ್ಲಾಪುರ. ಕುಡಿಯುವ ನೀರಿಗೇ ಪಾಳಿ ಹಚ್ಚುವ ಓಣಿಯಲ್ಲಿ ಕಾಂಕ್ರೀಟು ಕುಡಿಯುವ ನೀರಿಗೆ ಟ್ಯಾಂಕರ್ ತರಿಸಬೇಕು. ಟ್ಯಾಂಕರಿಗೆ ದುಡ್ಡು ಬೇಕು. ಸ್ಲ್ಯಾಬ್ ಹಾಕುವ ದಿನವೇ ಕೈ ಖಾಲಿಯಾಗಿರುತ್ತದೆ.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಗಟ್ಟಿಯಾಗುವುದು ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಒಳಗಿನ ತೇವ ಹಾರಿಹೋದರೆ ಆ ಕ್ರಿಯೆ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಪೂರ್ತಿಯಾಗುವುದಿಲ್ಲ. ಒಂದು ಚೀಲ ಸಿಮೆಂಟನ್ನು ಕಲಸಲು ಸುಮಾರು 25 ಲೀಟರ್ ನೀರು ಸಾಕು. ಆಮೇಲೆ ದಿನದಿನವೂ ಕುಡಿಸುವ ನೀರು ಅದರ ಎಷ್ಟೋ ಪಟ್ಟು. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಒಣ ಬಿಸಿಲಿನ ವಾತಾವರಣದಲ್ಲಿ ಕನಿಷ್ಠ 10 ದಿನ ನೀರುಣಿಸಬೇಕು. ಹಾರುಬೂದಿ ಬೆರೆಸಿದ ಸಿಮೆಂಟಾದರೆ 14 ದಿನ ಒಳ್ಳೆಯದು. ಇಂದು ಅಂಗಡಿಯಲ್ಲಿ ಸಿಗುವ ಸಿಮೆಂಟು ಹೆಚ್ಚಿನ ಪಾಲು ಈ ಬೆರಕೆಯದೇ. ಹದಿನಾಲ್ಕು ದಿನ ತಪ್ಪದೆ ನೀರು ಕಂಡ ಸ್ಲ್ಯಾಬುಗಳು ಈ ಭಾಗದಲ್ಲಿ ಎಷ್ಟಿದ್ದಾವು? ಹತ್ತು ವರ್ಷಕ್ಕೇ ಗಿಲಾವು ಉದುರಿ, ತುಕ್ಕು ಹಿಡಿದ ಸಳಿಗಳು ಹೊರಗೆ ಇಣುಕುವ ಮನೆಗಳನ್ನು ನೋಡಿದಾಗಲೆಲ್ಲ ನಾವು ಸಿಮೆಂಟಿನ ಕಂಪನಿಯನ್ನೋ ಉಸುಕನ್ನೋ ಗೌಂಡಿಯನ್ನೋ ಬೈಯುತ್ತೇವೆ. ಬಹಳಷ್ಟು ಸಲ ತಪ್ಪಿದ್ದು ನೀರು.

ಮನೆಯ ಭಾಗಗಳನ್ನು ಬೇರೆಡೆ ಎರಕ ಹೊಯ್ದು ತಂದು ಜೋಡಿಸುವ ಪದ್ಧತಿಯ, ಅಂದರೆ ಪ್ರಿಫ್ಯಾಬ್ ಅಥವಾ ಪ್ರೀಕಾಸ್ಟ್ ವಿಧಾನದ ಚರ್ಚೆ ಬಂದಾಗೆಲ್ಲ ವೇಗದ ಮಾತೇ ಮುಂದಾಗುತ್ತದೆ. ಇಷ್ಟು ದಿನದಲ್ಲಿ ಇಷ್ಟು ಮಹಡಿ ಎಂಬ ಲೆಕ್ಕ. ಸೊಲ್ಲಾಪುರ ಸೀಮೆಗೆ ಈ ಪದ್ಧತಿ ಬೇಕು ಎಂದು ನಾನು ವಾದಿಸುವುದು ವೇಗಕ್ಕಾಗಿ ಅಲ್ಲ, ನೀರಿಗಾಗಿ. ಒಂದೇ ಅಂಗಳದಲ್ಲಿ, ನೆರಳಲ್ಲಿ, ಎರಕ ಹೊಯ್ದ ಭಾಗಗಳನ್ನು ಒಂದು ತೊಟ್ಟಿಯಲ್ಲಿ ಮುಳುಗಿಸಿಟ್ಟರೆ ಅದೇ ನೀರು ವಾರಗಟ್ಟಲೆ ಹತ್ತಾರು ಮನೆಗಳ ಭಾಗಗಳಿಗೆ ಸಾಕಾಗುತ್ತದೆ. ಸ್ಲ್ಯಾಬಿನ ಮೇಲೆ ಸುರಿದ ನೀರು ಸಂಜೆಯೊಳಗೆ ಆವಿಯಾಗುತ್ತದೆ, ತೊಟ್ಟಿಯ ನೀರು ಉಳಿಯುತ್ತದೆ. ಬಡವರ ಮನೆಯ ಆಯುಷ್ಯ ಹೆಚ್ಚಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣುವುದಿಲ್ಲ.

ಬೇಡಿಕೆಗೇನೂ ಕೊರತೆಯಿಲ್ಲ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಕುಂಭಾರಿ ಸಿಗುತ್ತದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಗೋದುತಾಯಿ ಪರುಳೇಕರ್ ಹೆಸರಿನಲ್ಲಿ ಅಲ್ಲಿ 10,000 ಮನೆಗಳು ಎದ್ದವು. 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ ಸಿಂಗ್ ಬಂದು ಹಸ್ತಾಂತರಿಸಿದರು. ಆಮೇಲೆ ಅಲ್ಲಿಯೇ ರೇ ನಗರ. ಮಾಜಿ ಶಾಸಕ, ಕಮ್ಯುನಿಸ್ಟ್ ನಾಯಕ ನರಸಯ್ಯ ಆಡಂ ಅವರ ಹೋರಾಟದಿಂದ ಹುಟ್ಟಿದ ಈ ಯೋಜನೆಯಲ್ಲಿ ನೇಕಾರರು, ಬೀಡಿ ಕಾರ್ಮಿಕರು, ಚಿಂದಿ ಆಯುವವರು, ಚಾಲಕರು ಮುಂತಾದ ಅಸಂಘಟಿತ ದುಡಿಮೆಗಾರರಿಗೆ 30,000 ಮನೆ. 2019ರ ಜನವರಿ 9ರಂದು ಶಂಕುಸ್ಥಾಪನೆ, 2024ರ ಜನವರಿ 19ರಂದು ಮೊದಲ ಕಂತಿನ 15,000 ಮನೆಗಳ ಹಸ್ತಾಂತರ. ಎರಡೂ ಸಲ ಬಂದವರು ಪ್ರಧಾನಿ ನರೇಂದ್ರ ಮೋದಿ. ಒಂದೇ ಅಳತೆಯ ಕೋಣೆ, ಒಂದೇ ಅಳತೆಯ ಬಾಗಿಲು ಮೂವತ್ತು ಸಾವಿರ ಸಲ ಬೇಕಾಗುವ ಊರು ದೇಶದಲ್ಲಿ ಎಷ್ಟಿವೆ? ಅಚ್ಚಿನಲ್ಲಿ ಎರೆಯುವ ಕಸುಬು ಬದುಕುವುದೇ ಇಂಥ ಪುನರಾವರ್ತನೆಯ ಮೇಲೆ. ಒಂದು ಅಚ್ಚಿನ ಖರ್ಚು ಸಾವಿರ ಹಲಗೆಗಳ ಮೇಲೆ ಹಂಚಿಹೋದಾಗ ಮಾತ್ರ ಲೆಕ್ಕ ಕೂಡುತ್ತದೆ.

ಸಾಮಗ್ರಿಯೂ ಹತ್ತಿರದಲ್ಲೇ ಇದೆ. ಹೊಟಗಿಯಲ್ಲಿ ಸಿಮೆಂಟು ಅರೆಯುವ ಕಾರ್ಖಾನೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲಿ 1,320 ಮೆಗಾವಾಟಿನ ಎನ್‌ಟಿಪಿಸಿ ಸ್ಥಾವರ, ಅದರ ಹಾರುಬೂದಿ. ಗಡಿಯಾಚೆ ಕಲಬುರಗಿ ಜಿಲ್ಲೆಯ ಸುಣ್ಣಗಲ್ಲಿನ ಪಟ್ಟಿ.

ಮನೆಯ ಭಾಗವನ್ನು ಬೇರೆಡೆಯಿಂದ ಸಿದ್ಧವಾಗಿ ತರುವುದು ಇಲ್ಲಿಯವರಿಗೆ ಹೊಸ ವಿದ್ಯೆಯೂ ಅಲ್ಲ. ಶಹಾಬಾದಿನ ಫರಸಿ ಮತ್ತೇನು? ಗಣಿಯಲ್ಲೇ ಅಳತೆಗೆ ಕೊಯ್ದ ಹಾಸುಗಲ್ಲು ರೈಲಿನಲ್ಲಿ, ಲಾರಿಯಲ್ಲಿ ಬಂದು, ಕಬ್ಬಿಣದ ಗರ್ಡರುಗಳ ಮೇಲೆ ಕೂತು ಎಷ್ಟೋ ಮನೆಗಳ ಮಾಳಿಗೆಯಾಯಿತು. ಇಂದು ರಸ್ತೆ ಬದಿಯ ಅಂಗಳಗಳಲ್ಲಿ ಸಿಮೆಂಟಿನ ಚೌಕಟ್ಟು, ಬಾವಿಯ ರಿಂಗು, ಶೌಚಗುಂಡಿಯ ಟ್ಯಾಂಕು, ಹೊಲದ ಸುತ್ತ ನಿಲ್ಲಿಸುವ ರೆಡಿಮೇಡ್ ಕಂಪೌಂಡಿನ ಕಂಬ ಮತ್ತು ಹಲಗೆಗಳು ಸಾಲಾಗಿ ನಿಂತಿರುತ್ತವೆ. ಸಾಗುವಾನಿ ಚೌಕಟ್ಟು ಕೊಳ್ಳಲಾಗದವರು ಸಿಮೆಂಟಿನ ಚೌಕಟ್ಟು ಒಯ್ದರು, ಯಾರೂ ಭಾಷಣ ಮಾಡಿ ಒಪ್ಪಿಸಬೇಕಾಗಲಿಲ್ಲ. ಸೊಲ್ಲಾಪುರ–ವಾಡಿ ರೈಲುದಾರಿಯ ಕೆಳಗೆ ಮಲಗಿರುವ ಕಾಂಕ್ರೀಟ್ ಸ್ಲೀಪರುಗಳೂ ಅಚ್ಚಿನವೇ.

ಹಾಗಿದ್ದರೆ ಇಡೀ ಮನೆಯನ್ನೇ ಹೀಗೆ ತರಬಹುದಲ್ಲ ಎಂಬ ಪ್ರಶ್ನೆ ಸಹಜ. ಆ ಆಸೆಯ ಕಥೆಯೊಂದು ನಮ್ಮ ಮೈಸೂರಿಗೂ ತಗುಲಿಕೊಂಡಿದೆ. ಹಿಟ್ಲರನ ಜರ್ಮನಿ ಬಿಟ್ಟು ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಕೋನಿಗ್ಸ್‌ಬರ್ಗರ್ ಅವರ ಕೈಯವು. ಇಲ್ಲಿಯ ಬಿಸಿಲು, ಗಾಳಿಯನ್ನು ಓದಿಕೊಂಡು ಕಟ್ಟಿದವರು. ಸ್ವಾತಂತ್ರ್ಯ ಬಂದ ಮೇಲೆ, ದೇಶವಿಭಜನೆಯಿಂದ ನಿರಾಶ್ರಿತರಾಗಿ ಬಂದ ಲಕ್ಷಾಂತರ ಜನರಿಗೆ ಮನೆ ಬೇಕಾದಾಗ ಅವರನ್ನು ದೆಹಲಿಗೆ ಕರೆಸಿಕೊಂಡರು. ವಸತಿ ನಿರ್ದೇಶಕರಾದರು. ಅಲ್ಲಿಯ ಸರ್ಕಾರಿ ವಸತಿ ಕಾರ್ಖಾನೆಯಲ್ಲಿ ಗಾಳಿಗುಳ್ಳೆಗಳ ಹಗುರ ಕಾಂಕ್ರೀಟಿನಿಂದ ಗೋಡೆಯ ದೊಡ್ಡ ಹಲಗೆಗಳನ್ನು ಮಾಡಿ ಸಾವಿರಾರು ಮನೆ ಜೋಡಿಸುವ ಯೋಜನೆ. ಹಲಗೆಗಳು ಬಿರುಕು ಬಿಟ್ಟವು. ಮನೆಗಳು ಲೆಕ್ಕಕ್ಕೆ ತಕ್ಕಂತೆ ಹೊರಬೀಳಲಿಲ್ಲ. ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು. 1951ರಲ್ಲಿ ಕೋನಿಗ್ಸ್‌ಬರ್ಗರ್ ಲಂಡನ್ನಿಗೆ ಹೋದರು, ಅಲ್ಲಿ ಉಷ್ಣವಲಯದ ವಾಸ್ತುವಿದ್ಯೆಯನ್ನು ಕಲಿಸುತ್ತ ಹೆಸರಾದರು. ಆ ಕಾರ್ಖಾನೆ ಮಾತ್ರ ಸಾಯಲಿಲ್ಲ. ರೈಲಿನ ಸ್ಲೀಪರು, ವಿದ್ಯುತ್ ಕಂಬದಂಥ ಬಿಡಿ ಭಾಗಗಳನ್ನು ಮಾಡಿಕೊಂಡು ಬದುಕಿತು. 1978ರಲ್ಲಿ ಹಿಂದುಸ್ತಾನ್ ಪ್ರಿಫ್ಯಾಬ್ ಎಂಬ ಹೆಸರು ಪಡೆಯಿತು. ಇಡೀ ಮನೆ ಸೋತ ಕಡೆ ಬಿಡಿ ಭಾಗ ಗೆದ್ದ ಈ ಸಂಗತಿಯನ್ನು ನಮ್ಮ ಯೋಜಕರು ಗಂಭೀರವಾಗಿ ಓದಬೇಕು.

ಇಡೀ ಕಟ್ಟಡವೂ ಗೆದ್ದ ಉದಾಹರಣೆ ಇದೆ. ಬೆಂಗಳೂರಿನ ಇಂದಿರಾ ಕ್ಯಾಂಟೀನ್. 2017ರ ಆಗಸ್ಟ್ 16ರಂದು ಒಮ್ಮೆಗೇ 101 ಕ್ಯಾಂಟೀನುಗಳು ಬಾಗಿಲು ತೆರೆದವು. ಗೋಡೆ, ಚಾವಣಿಗಳು ಕೃಷ್ಣಗಿರಿಯ ಕಾರ್ಖಾನೆಯಲ್ಲಿ ಸಿದ್ಧವಾಗಿ ಲಾರಿಯ ಮೇಲೆ ಬಂದು ಕೆಲವೇ ದಿನಗಳಲ್ಲಿ ನಿಂತವು. ನಕ್ಷೆ ಒಂದೇ, ಗಿರಾಕಿ ಒಬ್ಬನೇ, ಹಣ ಸರ್ಕಾರದ್ದು, ಕ್ರೇನು ಹೋಗಲು ಅಗಲದ ರಸ್ತೆ, ಕಾರ್ಖಾನೆ ನೂರು ಕಿಲೋಮೀಟರಿನೊಳಗೆ. ಈ ಅನುಕೂಲಗಳಲ್ಲಿ ಎರಡನ್ನು ತೆಗೆದು ನೋಡಿ, ಲೆಕ್ಕ ತಪ್ಪುತ್ತದೆ. ಚೆನ್ನೈನ ಪೆರುಂಬಾಕ್ಕಂನಲ್ಲಿ ಕೇಂದ್ರದ ಲೈಟ್ ಹೌಸ್ ಯೋಜನೆಯಡಿ 1,152 ಪ್ರೀಕಾಸ್ಟ್ ಮನೆಗಳು 2021ರ ಜನವರಿಯಿಂದ 2022ರ ಮೇ ತಿಂಗಳೊಳಗೆ ಮುಗಿದದ್ದೂ ಇಂಥ ಅನುಕೂಲದ ಜಾಗದಲ್ಲೇ. ರೇ ನಗರದಂಥ ಬಯಲಿಗೆ ಈ ದಾರಿ ಒಗ್ಗೀತು. ಅಕ್ಕಲಕೋಟೆಯ ಹಳೆಯ ಗಲ್ಲಿಗೆ? ಹತ್ತಡಿ ಎತ್ತರ, ಹನ್ನೆರಡಡಿ ಉದ್ದ, ಆರು ಅಂಗುಲ ದಪ್ಪದ ಒಂದು ಕಾಂಕ್ರೀಟ್ ಗೋಡೆ ನಾಲ್ಕು ಟನ್ ತೂಗುತ್ತದೆ. ಸ್ವಾಮಿ ಸಮರ್ಥರ ಗುಡಿಯ ಸುತ್ತ ಎದ್ದಿರುವ ಹಳೆಯ ವಾಡೆಗಳ ನಡುವೆ ಆ ಗೋಡೆಯನ್ನು ಎತ್ತಿ ಇಳಿಸುವ ಕ್ರೇನು ತಿರುಗಲು ಜಾಗವಿಲ್ಲ. ಪುಣೆಯಿಂದ ಇನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೊತ್ತು ತರುವ ಬಾಡಿಗೆಯೇ ಬಡವನ ಬಜೆಟ್ಟನ್ನು ನುಂಗುತ್ತದೆ.

ಇನ್ನೊಂದು ದೊಡ್ಡ ಸಂಗತಿ ಉಳಿದಿದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

1993ರ ಸೆಪ್ಟೆಂಬರ್ 30ರ ನಸುಕು. ಗಣಪತಿ ಕಳಿಸಿ ಮಲಗಿದ್ದ ಜನ. ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ 6.2 ತೀವ್ರತೆಯ ಭೂಕಂಪ ಸಾವಿರಾರು ಜನರನ್ನು ಅವರ ಮನೆಯ ಮಾಳಿಗೆಯ ಕೆಳಗೇ ಮುಗಿಸಿತು. ಅಕ್ಕಲಕೋಟೆಯಿಂದ ಕಿಲ್ಲಾರಿ ನೇರ ಅಳೆದರೆ ನೂರು ಕಿಲೋಮೀಟರೂ ಇಲ್ಲ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಜಂತಿ, ಜಂತಿಯ ಮೇಲೆ ಮಳೆ ಸೋರದಂತೆ ವರ್ಷ ವರ್ಷ ಏರಿಸಿದ ಮಣ್ಣು. ಗೋಡೆಯ ಹೊರಮೈಗೂ ಒಳಮೈಗೂ ಹೊಂದಿಕೆಯಿಲ್ಲ, ಗೋಡೆಗೂ ಮಾಳಿಗೆಗೂ ಬಿಗಿತವಿಲ್ಲ. ಎಲ್ಲವೂ ತನ್ನ ಭಾರದಿಂದಲೇ ಕೂತಿತ್ತು. ಏಳು ವರ್ಷದ ನಂತರ, 2001ರ ಜನವರಿ 26ರಂದು ಕಚ್ಛ್ ನಡುಗಿದಾಗ ಹೊಚ್ಚ ಹೊಸ ಪ್ರೀಕಾಸ್ಟ್ ಶಾಲೆಗಳ ಚಾವಣಿ ಹಲಗೆಗಳು ಕೆಳಗೆ ಬಿದ್ದವು. ಕಾಂಕ್ರೀಟು ಒಡೆದದ್ದಕ್ಕಿಂತ ಹಲಗೆಯನ್ನು ತೊಲೆಗೆ ಕಟ್ಟುವ ಸಳಿಗಳು ಸಾಲದೇ ಹೋದದ್ದು ಕಾರಣ. ಲಂಡನ್ನಿನಲ್ಲಿ 1968ರ ಮೇ 16ರಂದು 22 ಮಹಡಿಯ ರೊನಾನ್ ಪಾಯಿಂಟ್ ಕಟ್ಟಡದ 18ನೇ ಮಹಡಿಯಲ್ಲಿ ಗ್ಯಾಸ್ ಸ್ಫೋಟವಾಗಿ ಒಂದು ಗೋಡೆಯ ಹಲಗೆ ಹೊರಕ್ಕೆ ಸಿಡಿದಾಗ ಒಂದು ಮೂಲೆಯ ಅಷ್ಟೂ ಮಹಡಿಗಳು ಕುಸಿದವು. ಕಿಲ್ಲಾರಿಯ ಮಣ್ಣಿನ ಮಾಳಿಗೆ, ಕಚ್ಛ್‌ನ ಸರ್ಕಾರಿ ಶಾಲೆ, ಲಂಡನ್ನಿನ ಗೋಪುರ ಮೂರರಲ್ಲೂ ದೋಷ ಒಂದೇ: ಭಾಗಗಳು ಒಂದರ ಮೇಲೊಂದು ಕೂತಿದ್ದವು, ಒಂದನ್ನೊಂದು ಹಿಡಿದುಕೊಂಡಿರಲಿಲ್ಲ. ನಮ್ಮ ಫರಸಿಯ ಮಾಳಿಗೆಗೂ ಈ ಮಾತು ಅನ್ವಯಿಸುತ್ತದೆ.

ಆದ್ದರಿಂದ ಪ್ರಿಫ್ಯಾಬ್ ಮನೆಯಲ್ಲಿ ನೋಡಬೇಕಾದ್ದು ಗೋಡೆಯ ನುಣುಪನ್ನಲ್ಲ, ಕೀಲುಗಳನ್ನು. ಈ ಸೀಮೆಯ ಎರೆ ಮಣ್ಣು ಇದನ್ನು ಇನ್ನೂ ಕಠಿಣ ಮಾಡುತ್ತದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ನೆಲ ಅಡಿಪಾಯವನ್ನು ಎತ್ತಿ ಇಳಿಸುತ್ತಿರುತ್ತದೆ. ಮಾಮೂಲಿ ಗೋಡೆ ಅಲ್ಲಲ್ಲಿ ಸೀಳು ಬಿಟ್ಟು ಆ ಅಲುಗಾಟವನ್ನು ಹಂಚಿಕೊಳ್ಳುತ್ತದೆ. ಹಲಗೆಗಳ ಮನೆಯಲ್ಲಿ ಅಷ್ಟೂ ಕೀಲಿಗೆ ಬಂದು ಬೀಳುತ್ತದೆ. ಅಡಿಪಾಯವನ್ನು ಎರೆಯ ಪದರ ದಾಟಿಸಿ ಕೆಳಗಿನ ಮುರಮಿಗೆ ಮುಟ್ಟಿಸದೆ ಎಂಥ ಕಾರ್ಖಾನೆಯ ಗೋಡೆ ತಂದರೂ ಪ್ರಯೋಜನವಿಲ್ಲ.

ಸೆಕೆಯ ಮಾತನ್ನೂ ಬಿಡುವ ಹಾಗಿಲ್ಲ. ಎರಡಡಿ ದಪ್ಪದ ಮಣ್ಣುಗೋಡೆಯ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಕಳೆದವರಿಗೆ ನಾಲ್ಕು ಅಂಗುಲದ ಕಾಂಕ್ರೀಟ್ ಗೋಡೆ ಕುಲುಮೆಯಂತೆ. ಕಿಲ್ಲಾರಿಯ ಭಯ ಜನರನ್ನು ಕಲ್ಲು ಮಣ್ಣಿನ ಮನೆಯಿಂದ ಪತ್ರಾದ ಮನೆಗೆ ಓಡಿಸಿತು. ಅಲ್ಲಿ ಜೀವ ಉಳಿಯಿತು, ನಿದ್ದೆ ಹೋಯಿತು. ಹಾರುಬೂದಿಯ ಹಗುರ ಇಟ್ಟಂಗಿ, ಗುಳ್ಳೆ ಕಾಂಕ್ರೀಟಿನ ಬ್ಲಾಕು ಶಾಖ ತಡೆಯುವುದರಲ್ಲಿ ಗಟ್ಟಿ ಕಾಂಕ್ರೀಟಿಗಿಂತ ಎಷ್ಟೋ ವಾಸಿ. ಗೋಡೆಗೆ ಅವನ್ನೇ ಬಳಸಿ, ಅಚ್ಚಿನ ಕೆಲಸವನ್ನು ಚಾವಣಿ, ಲಿಂಟೆಲ್, ಮೆಟ್ಟಿಲು, ಚೌಕಟ್ಟುಗಳಿಗೆ ಇಟ್ಟುಕೊಳ್ಳುವುದು ನಮಗೆ ಒಪ್ಪುವ ಹಾದಿ. ಗೋಡೆಯೇ ಭಾರ ಹೊರುವ ಹಲಗೆಯಾದರೆ ನಾಳೆ ಮಗನ ಮದುವೆಗೆ ಇನ್ನೊಂದು ಕೋಣೆ ಎಳೆಯಲು ಬಾಗಿಲು ಒಡೆಯುವ ಹಾಗಿಲ್ಲ. ಕಿಲ್ಲಾರಿಯ ಪುನರ್ವಸತಿಯಲ್ಲಿ ಗುಬಾಳದಲ್ಲಿ ಗುಮ್ಮಟದ ಆಕಾರದ ಮನೆಗಳನ್ನು ಕಟ್ಟಿಕೊಟ್ಟರು. ಬಾಗಿದ ಗೋಡೆಗೆ ಕಪಾಟು ಎಲ್ಲಿ ಒರಗಿಸಬೇಕು, ತೊಟ್ಟಿಲು ಎಲ್ಲಿ ಕಟ್ಟಬೇಕು, ಹೊಸ ಕೋಣೆ ಯಾವ ಕಡೆ ಬೆಳೆಸಬೇಕು? ಮನೆ ಎಂದರೆ ಬೆಳೆಯುವ ವಸ್ತು ಎಂಬುದು ನಕ್ಷೆ ಬರೆಯುವವನಿಗೆ ಗೊತ್ತಿರಬೇಕು.

ಚಾವಣಿಗೆ ಒಂದು ಒಳ್ಳೆಯ ಉಪಾಯ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಹಿಂದೆಯೇ ಕೊಟ್ಟಿದೆ. ನಮ್ಮ ಜಂತಿ ಮತ್ತು ಹಲಗೆಯ ಮಾಳಿಗೆಯನ್ನೇ ಕಾಂಕ್ರೀಟಿನಲ್ಲಿ ಮಾಡಿದ ಹಾಗೆ. ಅಚ್ಚಿನಲ್ಲಿ ಎರೆದ ಸಣ್ಣ ತೊಲೆಗಳನ್ನು ಗೋಡೆಯಿಂದ ಗೋಡೆಗೆ ಇಟ್ಟು, ಅವುಗಳ ಮೇಲೆ ಒಂದಡಿ ಅಗಲದ, ಐದಡಿಯೊಳಗಿನ ಹಲಗೆಗಳನ್ನು ಹಾಸುವುದು. ಒಂದೊಂದು ಹಲಗೆ ಐವತ್ತು ಕಿಲೋ ಆಸುಪಾಸು, ಇಬ್ಬರು ಎತ್ತಬಹುದು, ಕ್ರೇನು ಬೇಡ. ಸೆಂಟ್ರಿಂಗಿನ ತಗಡು, ಬಲ್ಲಿಗಳ ಬಾಡಿಗೆಯೂ ಬಹುಪಾಲು ಉಳಿಯುತ್ತದೆ. ತೊಲೆಯಿಂದ ಮೇಲೆ ಚಾಚಿದ ಸಳಿಗಳ ಜೊತೆ ಅಡ್ಡ ಸಳಿ ಕಟ್ಟಿ, ಹಲಗೆಗಳ ಅಂಚಿನ ಸಂದಿಗೆ ಸ್ಥಳದಲ್ಲೇ ಕಾಂಕ್ರೀಟು ತುಂಬಿದಾಗ ಬಿಡಿ ಬಿಡಿ ಭಾಗ ಒಂದೇ ಮೈಯಾಗುತ್ತದೆ. ಕಚ್ಛ್‌ನಲ್ಲಿ ಇಲ್ಲದೇ ಹೋದದ್ದು ಇಂಥ ಬೆಸುಗೆಯೇ. ಸ್ಥಳದಲ್ಲಿ ಹಾಕುವ ಆ ಕಾಂಕ್ರೀಟಿಗೂ ನೀರು ಬೇಕು, ಆದರೆ ಇಡೀ ಸ್ಲ್ಯಾಬಿಗೆ ಬೇಕಾದಷ್ಟಲ್ಲ. ಗೋಡೆಯ ತಲೆಯ ಮೇಲೆ ಸುತ್ತಲೂ ಭೂಕಂಪದ ಪಟ್ಟಿ ಹಾಕಿ ಅದಕ್ಕೆ ಚಾವಣಿಯನ್ನು ಬಿಗಿಯಬೇಕು. ಈ ಪದ್ಧತಿಗೆ ಐಎಸ್ 13990 ಎಂಬ ಮಾನಕವೂ ಇದೆ. ಹೊಸದಾಗಿ ಕಂಡುಹಿಡಿಯುವಂಥದ್ದು ಏನೂ ಉಳಿದಿಲ್ಲ.

ಇಷ್ಟಿದ್ದೂ ಅದು ಹಳ್ಳಿಗೆ ಇಳಿಯದಿರಲು ಕಾರಣ ಹಣ ಹರಿಯುವ ರೀತಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ ಕೇಂದ್ರ ನಿಗದಿ ಮಾಡಿದ ಮೂಲ ಸಹಾಯಧನ 1.20 ಲಕ್ಷ ರೂಪಾಯಿ. ಅದು ಕಟ್ಟಡದ ಹಂತಕ್ಕೆ ತಕ್ಕಂತೆ, ಫೋಟೊ ತೆಗೆದು ದಾಖಲಿಸಿದ ಮೇಲೆ, ಕಂತುಗಳಲ್ಲಿ ಬರುತ್ತದೆ. ಜೊತೆಗೆ ನರೇಗಾದಿಂದ 90 ದಿನಗಳ ಕೂಲಿ ಸೇರಿಸುವ ಏರ್ಪಾಡನ್ನು ಆರಂಭದಲ್ಲೇ ಮಾಡಿದ್ದರು. ಇದೆಲ್ಲ ಮನೆ ಅಲ್ಲಿಯೇ, ಇಟ್ಟಂಗಿಯ ಮೇಲೆ ಇಟ್ಟಂಗಿಯಾಗಿ ಏಳುತ್ತದೆ ಎಂದು ನಂಬಿ ಹೆಣೆದ ವ್ಯವಸ್ಥೆ. ಅಚ್ಚಿನ ಅಂಗಳದವನು ಹಲಗೆ ಎರೆಯುವ ಮೊದಲೇ ದುಡ್ಡು ಕೇಳುತ್ತಾನೆ. ಅಂಗಳದಲ್ಲಿ ಸಿದ್ಧವಾಗಿ ಬಿದ್ದ ಹಲಗೆ ಯಾವ ಕಂತಿನ ಫೋಟೊಗೂ ಬರುವುದಿಲ್ಲ. ತೆರಿಗೆಯೂ ಹಾಗೆಯೇ. ಕಾರ್ಖಾನೆಯಿಂದ ಬರುವ ಕಾಂಕ್ರೀಟ್ ಭಾಗದ ಪೂರ್ತಿ ಬೆಲೆಯ ಮೇಲೆ ಶೇ 18 ಜಿಎಸ್‌ಟಿ. ಗೌಂಡಿ ಮನೆಯ ಮುಂದೆಯೇ ಎರಕ ಹೊಯ್ದರೆ ತೆರಿಗೆ ಸಾಮಗ್ರಿಗೆ ಮಾತ್ರ, ಅವನ ಕೂಲಿಗಿಲ್ಲ. ಒಳ್ಳೆಯ ವಸ್ತುವನ್ನು ಹೀಗೆ ತುಟ್ಟಿ ಮಾಡಿ, ಜನ ಹಳೆಯದನ್ನು ಬಿಡುವುದಿಲ್ಲ ಎಂದು ದೂರುವುದು ನ್ಯಾಯವಲ್ಲ.

ಗೌಂಡಿಗಳ ಹೊಟ್ಟೆಪಾಡು ಏನಾಗಬೇಕು ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಸಿಂಗಪುರ 1980ರ ದಶಕದಲ್ಲಿ ಸರ್ಕಾರಿ ಮನೆಗಳಿಗೆ ಪ್ರೀಕಾಸ್ಟ್ ಹಿಡಿದದ್ದು ಅಲ್ಲಿ ಕೆಲಸಗಾರರ ಕೊರತೆಯಿದ್ದುದರಿಂದ. ಇಲ್ಲಿ ದುಡಿಯುವ ಕೈಗಳಿವೆ. ಆದರೆ ಆ ಕೈಗಳು ಪುಣೆಗೆ, ಮುಂಬೈಗೆ ಹೋಗುತ್ತಿವೆ, ಉಳಿದವರು ಬಿಸಿಲಿನಲ್ಲಿ ಸ್ಲ್ಯಾಬಿನ ಮೇಲೆ ಬೇಯುತ್ತಾರೆ. ದೊಡ್ಡ ಕಾರ್ಖಾನೆ ಬಂದರೆ ಅವರ ಕೆಲಸ ಹೋಗುತ್ತದೆ. ತಾಲ್ಲೂಕಿಗೆ ಒಂದೆರಡು ಅಚ್ಚಿನ ಅಂಗಳಗಳಾದರೆ ವರ್ಷವಿಡೀ, ನೆರಳಲ್ಲಿ, ಊರಲ್ಲೇ ಕೆಲಸ ಸಿಗುತ್ತದೆ. ಈಗ ಕಂಪೌಂಡಿನ ಹಲಗೆ, ಚೌಕಟ್ಟು ಎರೆಯುವವರೇ ಇದಕ್ಕೆ ಮುಂದಾಗಬಹುದು. ಅವರಿಗೆ ಬೇಕಾದ್ದು ಸಳಿಯ ಲೆಕ್ಕ, ಕಲಸುವ ಪ್ರಮಾಣ, ಕೀಲಿನ ಶಿಸ್ತು. ಕರ್ನಾಟಕದ ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳು ಹುಟ್ಟಿದ್ದು ಅಗ್ಗದ ಕಟ್ಟಡ ವಿದ್ಯೆಯನ್ನು ಕೆಲಸಗಾರರ ಕೈಗೆ ಕೊಡುವ ಇಂಥದೇ ಉದ್ದೇಶಕ್ಕೆ. ಅವುಗಳಲ್ಲಿ ಚೆನ್ನಾಗಿ ನಡೆದ ಕೇಂದ್ರಗಳ ಅನುಭವ ಗಡಿ ದಾಟಿ ಬರಲು ಯಾವ ಅಡ್ಡಿಯೂ ಇಲ್ಲ. ಅಕ್ಕಲಕೋಟೆಯ ಗೌಂಡಿಗಳಲ್ಲಿ ಕನ್ನಡ ಬಲ್ಲವರಿಗೆ ಕಲಬುರಗಿಯ ಎಂಜಿನಿಯರ್ ಕನ್ನಡದಲ್ಲೇ ಹೇಳಿಕೊಡಬಹುದು.

ಎಲ್ಲಕ್ಕಿಂತ ಮೊದಲು ಮೈಂದರ್ಗಿಯಲ್ಲೋ ದುಧನಿಯಲ್ಲೋ ವಾಗ್ದರಿಯಲ್ಲೋ ಒಂದು ಅಂಗನವಾಡಿಗೆ ಇಂಥ ಚಾವಣಿ ಹಾಕಬೇಕು. ಸೊಲ್ಲಾಪುರದ ವಾಲ್‌ಚಂದ್ ತಾಂತ್ರಿಕ ಸಂಸ್ಥೆಯ ಸಿವಿಲ್ ವಿಭಾಗದವರು ಬಂದು ಊರವರ ಎದುರಿಗೇ ಅದನ್ನು ಪರೀಕ್ಷಿಸಬೇಕು. ಐಎಸ್ 456ರಲ್ಲೇ ಆ ಪರೀಕ್ಷೆಯಿದೆ. ಚಾವಣಿ ಹೊರಬೇಕಾದ ಬಳಕೆಯ ಭಾರದ ಒಂದೂಕಾಲು ಪಟ್ಟು ಉಸುಕಿನ ಚೀಲಗಳನ್ನು ಒಟ್ಟಿ, 24 ತಾಸು ಬಿಟ್ಟು, ಎಷ್ಟು ಬಾಗಿತು ಎಂದು ಅಳೆಯುವುದು. ಚೀಲ ಇಳಿಸಿದ ಮೇಲೆ ಮತ್ತೆ 24 ತಾಸಿನಲ್ಲಿ ಆ ಬಾಗುವಿಕೆಯ ಮುಕ್ಕಾಲು ಪಾಲು ಮರಳಿ ಸರಿಯಾಗಬೇಕು. ಚೀಲ ಒಟ್ಟುವವರು ಆ ಊರಿನ ಗೌಂಡಿಗಳೇ ಆಗಲಿ, ಅಳತೆಯ ಅಂಕಿಗಳನ್ನು ಅಂಗನವಾಡಿಯ ಗೋಡೆಯ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಲಿ.